ನುಡಿದ ಸತ್ಯ, ಅರಿತ ಸತ್ಯ

ಶ್ರಾವಣ ಶುದ್ಧ ಪಂಚಮಿಯು ಸಮೀಪಿಸಿತೆಂದರೆ ಘಟಪ್ರಭೆಯ ದಂಡೆಯ ಗೋಕಾಕದಲ್ಲಿಯೂ, ಮೂಡಲಗಿಯ ಸುತ್ತಲಿನ ಹಳ್ಳಿಗಳಲ್ಲಿಯೂ, ಹಿರಣ್ಯಕೇಶಿಯು ಹರಿವ ಹುಕ್ಕೇರಿಯ ಸೀಮೆಯಲ್ಲಿಯೂ ಕೊಟ್ಟ ಹೆಣ್ಣುಮಕ್ಕಳು ತವರಿಗೆ ಬರುವರು. ಮರಕ್ಕೆ ಜೋಕಾಲಿ ಕಟ್ಟುವರು, ಉಂಡಿ ಕಟ್ಟುವರು, ಹುತ್ತಕ್ಕೆ ಹಾಲೆರೆಯುವರು. ಹಾಗೆ ಹಾಲೆರೆಯುವ ಹುತ್ತದಲ್ಲಿಯೇ ಕೈಯಿಟ್ಟು ಪ್ರಮಾಣ ಮಾಡಿದ ಒಬ್ಬ ಹೆಣ್ಣುಮಗಳ ಕಥೆಯು ಕನ್ನಡ ನಾಡಿನ ಅಜ್ಜಿಯರ ಬಾಯಲ್ಲಿ ಬಹುಕಾಲದಿಂದ ಉಂಟು. ಬೆಳಗಾವಿಯಲ್ಲಿ ಕೆಲಕಾಲ ಅಧ್ಯಾಪಕರಾಗಿದ್ದ ಎ. ಕೆ. ರಾಮಾನುಜನ್‌ರವರು ಅಂಥ ಕಥೆಗಳನ್ನು ಕೂಡಿಹಾಕಿದರು. ಅವರಿಂದ ಕೇಳಿದ ಕಥೆಯನ್ನೇ ಗಿರೀಶ ಕಾರ್ನಾಡರು 'ನಾಗಮಂಡಲ'ವೆಂಬ ನಾಟಕವಾಗಿ ಬರೆದರು. ಅದು ಇಂಗ್ಲಿಷಿಗೂ ಹೋಯಿತು, 1993ರಲ್ಲಿ ಅಮೇರಿಕೆಯ ಮಿನಿಯಾಪೊಲಿಸ್ ನಗರದ ರಂಗವನ್ನೂ ಏರಿತು. 1997ರಲ್ಲಿ ಟಿ. ಎಸ್. ನಾಗಾಭರಣರು ಅದನ್ನು ಕನ್ನಡ ಚಲಚ್ಚಿತ್ರವನ್ನಾಗಿ ಮಾಡಿದರು. ಚಿತ್ರದಲ್ಲಿ ಗಂಡನೂ ನಾಗನೂ ಆಗಿ ಪ್ರಕಾಶ ರೈ ಎಂಬ ಒಬ್ಬನೇ ನಟನು ಕಾಣಿಸಿಕೊಳ್ಳುವನು. ನೋಡುವವರಿಗೂ ಇಬ್ಬರ ಮುಖವು ಒಂದೇ ಆದುದರಿಂದ ಆ ಹೆಣ್ಣುಮಗಳ ಭ್ರಾಂತಿಯು ಎಷ್ಟು ಸಹಜವೆಂಬದು ಅಲ್ಲಿ ಕಣ್ಣಿಗೇ ತಿಳಿಯುವದು.

ಕಥೆಯು ಇಷ್ಟು. ಅಪ್ಪಣ್ಣನು ರಾಣಿಯನ್ನು ಮದುವೆಯಾಗಿ ತಂದು ಮನೆಯಲ್ಲಿಟ್ಟು ಬೀಗ ಹಾಕುವನು. ಮಧ್ಯಾಹ್ನ ಊಟಕ್ಕೆ ಬಂದು, ಇರುಳನ್ನು ಸೂಳೆಯ ಮನೆಯಲ್ಲಿ ಕಳೆಯುವನು. ಗಂಡನ ಮನಸ್ಸನ್ನು ಒಲಿಸಲೆಂದು ಮುದುಕಿಯೊಬ್ಬಳು ಕೊಟ್ಟ ಬೇರನ್ನು ರಾಣಿಯು ಅರೆದು ಸಾರಿಗೆ ಹಾಕಲು, ಸಾರು ನೆತ್ತರಂತೆ ಕೆಂಪಾಗುವದು. ಅಂಜಿ ಅದನ್ನು ಹುತ್ತಕ್ಕೆ ಸುರಿಯುವಳು. ಅದನ್ನುಂಡ ನಾಗನು ಅವಳಿಗೆ ಒಲಿದು, ಗಂಡನ ರೂಪ ತಾಳಿ ಇರುಳಿನಲ್ಲಿ ಬರತೊಡಗುವನು. ಅವಳು ಬಸುರಾದಾಗ ಅಪ್ಪಣ್ಣನು ಪಂಚರನ್ನು ಕೂಡಿಸುವನು. ರಾಣಿಯು ಹುತ್ತದೊಳಗಿನ ನಾಗನನ್ನು ಕೈಯಲ್ಲಿ ಹಿಡಿದು, ತಾನು ಈ ಊರಿಗೆ ಬಂದಂದಿನಿಂದ ಗಂಡನನ್ನೂ ಈ ನಾಗನನ್ನೂ ಹೊರತು ಬೇರೆ ಯಾರನ್ನೂ ಮುಟ್ಟಿಲ್ಲವೆಂದು ಆಣೆಯಿಡುವಳು. ನಾಗನು ಅವಳ ತಲೆಯ ಮೇಲೆ ಹೆಡೆಯೆತ್ತುವನು; ಊರು ಅವಳನ್ನು ದೇವಿಯೆಂದು ಪೂಜಿಸುವದು.

ಇಲ್ಲಿ ವಿಚಾರಿಸಬೇಕಾದ ಪ್ರಶ್ನೆಯಿದು: ಆ ಮಾತು ಸತ್ಯವೋ ಅಸತ್ಯವೋ? ಅಕ್ಷರಶಃ ಅದು ನಿಜ. ಆದರೆ ಕೇಳಿದವರು ಅರಿತುಕೊಂಡದ್ದು ನಿಜವಲ್ಲ.

ಇಂಥ ಆಣೆಗಳು ಹೊಸವಲ್ಲ. 'ಶುಕಸಪ್ತತಿ'ಯ ಒಬ್ಬ ಹೆಂಗಸು ಯಕ್ಷನ ಮುಂದೆ ಪ್ರಮಾಣಕ್ಕೆ ಹೊರಟಾಗ, ಅವಳ ಜಾರನು ಹುಚ್ಚನ ವೇಷದಲ್ಲಿ ಬಂದು ದಾರಿಯಲ್ಲಿಯೇ ಅವಳನ್ನು ಅಪ್ಪಿಕೊಳ್ಳುವನು. ಗಂಡನೂ ಈ ಹುಚ್ಚನೂ ಹೊರತು ಯಾರೂ ತನ್ನನ್ನು ಮುಟ್ಟಿಲ್ಲವೆಂದು ಅವಳು ಆಣೆಯಿಟ್ಟು ಪಾರಾಗುವಳು. ಜರ್ಮನ್ ಕವಿ ಗಾಟ್‌ಫ್ರೀಡನು 13ನೆಯ ಶತಮಾನದ ಆರಂಭದಲ್ಲಿ ಬರೆದ ಕಾವ್ಯದ ಇಸೋಲ್ಡೆಯೂ ಇದೇ ಉಪಾಯದಿಂದ ಕಾದ ಕಬ್ಬಿಣವನ್ನು ಹಿಡಿದು ಗೆಲ್ಲುವಳು. ಆದರೆ ಅವರಿಬ್ಬರೂ ತಿಳಿದು ಮಾಡಿದವರು. ಕುರುಕ್ಷೇತ್ರದಲ್ಲಿ ಅಶ್ವತ್ಥಾಮನ ಹೆಸರಿನ ಆನೆಯ ಮರಣವನ್ನು ಹೇಳಿದ ಧರ್ಮರಾಯನೂ ತಿಳಿದೇ ಹೇಳಿದನು. ಆದುದರಿಂದಲೇ ನೆಲ ಮುಟ್ಟದ ಅವನ ರಥವು ನೆಲಕ್ಕಿಳಿಯಿತು. ರಾಣಿಯ ಸಂಗತಿಯು ಬೇರೆ. ಹಗಲಿನವನೂ ಇರುಳಿನವನೂ ಒಬ್ಬನೇ ಎಂದು ಅವಳು ನಂಬಿದ್ದಳು. ಸಂದೇಹ ಮೂಡಿದಾಗಲೂ ಕೇಳಕೂಡದೆಂಬ ಕಟ್ಟಳೆಯು ಅವಳ ಬಾಯಿ ಕಟ್ಟಿತ್ತು.

ಯೋಗಸೂತ್ರಕ್ಕೆ ಭಾಷ್ಯ ಬರೆದ ವ್ಯಾಸರು ಸತ್ಯವನ್ನು ಬಹು ಸೂಕ್ಷ್ಮವಾಗಿ ತೂಗಿರುವರು. ಕಂಡದ್ದಕ್ಕೂ ಕೇಳಿದ್ದಕ್ಕೂ ಊಹಿಸಿದ್ದಕ್ಕೂ ಮಾತು ಮನಸ್ಸುಗಳೆರಡೂ ಹೊಂದಿರಬೇಕು. ಮಾತಿನಲ್ಲಿ ವಂಚನೆಯಾಗಲಿ ಭ್ರಾಂತಿಯಾಗಲಿ ಇರಬಾರದು. ಅದು ಕೇಳುವವನಿಗೆ ಅರಿವು ಕೊಡದೆ ಬಂಜೆಯಾಗಬಾರದು ಎಂಬದು ಅವರ ಅಭಿಪ್ರಾಯ. ಈ ತಕ್ಕಡಿಯಲ್ಲಿಟ್ಟರೆ ರಾಣಿಯ ಮಾತಿನಲ್ಲಿ ಭ್ರಾಂತಿಯುಂಟು, ವಂಚನೆಯಿಲ್ಲ. ಭ್ರಾಂತಿಯು ಕೊರತೆಯೇ ಹೊರತು ಪಾಪವಲ್ಲ. ವಂಚನೆಯು ರೂಪ ಕದ್ದು ಬಂದ ನಾಗನದು; ಅವನೊಳಗೆ ಬರುವಂತೆ ಇರುಳನ್ನು ಬರಿದು ಮಾಡಿ ಹೋದವನ ಪಾಲೂ ಅದರಲ್ಲುಂಟು.

ಆದರೂ ಕೆಲವರು ಕೇಳುವರು: ಮಗುವು ತನ್ನದಲ್ಲವೆಂದ ಅಪ್ಪಣ್ಣನ ಮಾತು ನಿಜವೇ ಆಗಿತ್ತಲ್ಲ? ನಿಜ ಹೇಳಿದವನು ಸೋತು, ಪಕ್ಷಗಾರನೇ ಸಾಕ್ಷಿಯಾಗಿ ಹೆಡೆಯೆತ್ತಿದರೆ ಅದು ಎಂಥ ನ್ಯಾಯ? ಆಕ್ಷೇಪವು ಹಗುರಾದದ್ದಲ್ಲ. ಇದಕ್ಕೆ ಉತ್ತರವನ್ನು ಸ್ಮೃತಿಯಲ್ಲಿಯೇ ಹುಡುಕಬಹುದು. ಯಾಜ್ಞವಲ್ಕ್ಯರು ತುಲೆ, ಅಗ್ನಿ, ಜಲ, ವಿಷ, ಕೋಶಗಳೆಂಬ 5 ದಿವ್ಯಗಳನ್ನು ಹೇಳಿರುವರು. ಆ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರರು ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ನಮ್ಮ ಕಲ್ಯಾಣದಲ್ಲಿದ್ದವರು. ಅಲ್ಲಿಯ ಕಟ್ಟಳೆಗಳಲ್ಲಿ ಎರಡು ಇಲ್ಲಿಗೆ ಮುಖ್ಯ. ಪತ್ರ, ಸಾಕ್ಷಿ, ಅನುಭೋಗಗಳೆಂಬ ಮನುಷ್ಯ ಪ್ರಮಾಣಗಳು ಇಲ್ಲದಾಗ ಮಾತ್ರ ದಿವ್ಯವನ್ನು ಕೇಳತಕ್ಕದ್ದು. ದೊಡ್ಡ ಅಪವಾದವಿದ್ದಾಗ, ಆರೋಪಿಸಿದವನು ತಾನು ಸೋತರೆ ದಂಡವನ್ನು ತಲೆಯ ಮೇಲೆ ಹೊರಲು ಒಪ್ಪಿದ ಬಳಿಕವೇ ದಿವ್ಯವು ನಡೆಯತಕ್ಕದ್ದು.

ಆ ಊರಿನ ಪಂಚರು ಎರಡನ್ನೂ ಮರೆತರು. ಬಾಗಿಲಿಗೆ ಬೀಗ ಹಾಕಿದವನು ಯಾರು, ಅವನು ಇರುಳು ಎಲ್ಲಿ ಮಲಗುತ್ತಿದ್ದನು ಎಂಬದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಅದನ್ನು ಒಬ್ಬರೂ ಕೇಳಲಿಲ್ಲ. ಅಪ್ಪಣ್ಣನು ತಲೆಯನ್ನು ಪಣಕ್ಕಿಡಲಿಲ್ಲ. ಕೈಯನ್ನು ಹುತ್ತದಲ್ಲಿ ಇಡಬೇಕಾದವಳು ರಾಣಿಯೊಬ್ಬಳೇ. ಪ್ರಶ್ನೆಯನ್ನು ಒಬ್ಬರಿಗೇ ಕೇಳುವಲ್ಲಿ ಉತ್ತರವು ಎಂದಿಗೂ ಪೂರ್ಣ ಸತ್ಯವಾಗಲಾರದು. ದಿವ್ಯವು ಬಯಲಿಗೆಳೆದದ್ದು ಮಗುವಿನ ತಂದೆಯನ್ನಲ್ಲ, ಕೇಳುವ ಅಧಿಕಾರವನ್ನು ಕಳೆದುಕೊಂಡವನನ್ನು.

ಇದೇ ಸೀಮೆಯ ಕುಲಗೋಡ ತಮ್ಮಣ್ಣನ ಹೆಸರಿನೊಡನೆ ಬೆಳೆದು, ಕೌಜಲಗಿಯ ನಿಂಗಮ್ಮನಿಂದ ಕೀರ್ತಿಗೊಂಡ 'ಶ್ರೀಕೃಷ್ಣ ಪಾರಿಜಾತ'ದ ಆಟವನ್ನು ಇಲ್ಲಿ ನೆನೆಯಬಹುದು. ಪಾರಿಜಾತದ ಹೂವು ರುಕ್ಮಿಣಿಗೆ ಸಂದಿತೆಂದು ಸತ್ಯಭಾಮೆಯು ಮುನಿಯುವಳು, ಗಂಡನನ್ನು ಮುಖಕ್ಕೆ ಮುಖ ಕೊಟ್ಟು ಕೇಳುವಳು. ದೇವರಾದವನೂ ಅವಳಿಗೆ ಉತ್ತರ ಹೇಳಲೇಬೇಕು. ಬೆಳಗಾಗುವ ತನಕ ಕುಳಿತು ಅವಳ ಮಾತಿಗೆ ತಲೆದೂಗುವ ಜನವೇ ತಮ್ಮ ಸೊಸೆಯು ಅಷ್ಟು ಕೇಳಿದರೆ ಹುಬ್ಬು ಗಂಟಿಕ್ಕುವದುಂಟು.

ಕಥೆಯು ದಿವ್ಯದಲ್ಲಿಯೇ ಮುಗಿಯುವದಿಲ್ಲ. ಹೆಚ್ಚಿನ ತೊಡಕು ಮುಂದೆ ಇರುವದು. ದಿನ ಕಳೆದಂತೆ ರಾಣಿಗೆ ನಿಜವು ತಿಳಿಯುವದು. ಈಗ ಗಂಡನೂ ಒಳ್ಳೆಯವನಾಗಿರುವನು, ಮಗುವೂ ಉಂಟು. ಇನ್ನು ಸುಮ್ಮನಿದ್ದರೆ ಅದು ಭ್ರಾಂತಿಯಲ್ಲ, ಮರೆಮಾಚುವದು. ಹೇಳಿದರೆ ಮಗುವಿನ ನೆಲೆಯೇ ಕುಸಿಯುವದು. ನಾಟಕದಲ್ಲಿ ನಾಗನು ಅವಳ ಮುಡಿಯಲ್ಲಿಯೇ ಪ್ರಾಣ ಬಿಡಲು, ಅವಳು ಗಂಡನನ್ನು ಬೇಡಿಕೊಳ್ಳುವದು ಒಂದೇ: ಈ ನಾಗನಿಗೆ ವಿಧಿಪೂರ್ವಕ ದಹನವಾಗಲಿ, ಮಗನೇ ಬೆಂಕಿಯಿಡಲಿ, ವರ್ಷವರ್ಷವೂ ಅವನೇ ಪಿಂಡವಿಡಲಿ. ತಂದೆಗೆ ಮಗನು ಮಾಡತಕ್ಕ ಕರ್ಮವಿದು. ನಾಲಗೆಯು ಹೇಳಲಾರದ್ದನ್ನು ಅವಳು ಕ್ರಿಯೆಯಿಂದ ಹೇಳಿದಳು. ಅಪ್ಪಣ್ಣನು ಒಪ್ಪಿಕೊಂಡನು. ಅವನು ಎಷ್ಟು ಅರಿತು ಒಪ್ಪಿದನೋ ಅವನಿಗೇ ಗೊತ್ತು. ಪೂರ್ಣ ಸತ್ಯವಲ್ಲವಾದರೂ ಅವಳು ಸತ್ತವನ ಋಣವನ್ನು ತೀರಿಸಿ, ಇದ್ದವರನ್ನೂ ಉಳಿಸಿಕೊಂಡಳು.

ಹೆಣ್ಣಿನ ಸತ್ಯವು ಹುತ್ತದ ವರೆಗೆ ಹೋಗುವ ಮೊದಲೇ ಮನೆಯಲ್ಲಿ ಅದನ್ನು ಕೇಳುವ ಕಿವಿಯಿರಬೇಕು. ಪಂಚಮಿಗೆ ಬಂದ ಮಗಳನ್ನು ತವರಿನವರು "ಚೆನ್ನಾಗಿದ್ದೀಯಾ, ಮಗಳೇ?" ಎಂದು ಕೇಳುವದು ವಾಡಿಕೆ. ಕೇಳಿದ ಮೇಲೆ, ಉಂಡಿಯ ತಟ್ಟೆಯನ್ನು ಮುಂದಕ್ಕೆ ಸರಿಸಿ ಮಾತು ಬದಲಿಸದೆ, ಅವಳು ಉತ್ತರ ಹೇಳುವ ತನಕ ಕುಳಿತಿರುವದು ಹುತ್ತಕ್ಕೆರೆದ ಹಾಲಿಗಿಂತ ಕಡಿಮೆಯ ಪೂಜೆಯಲ್ಲ.