ಪಾಳು ಬಿದ್ದದ್ದೋ, ಬೀಳಿಸಿದ್ದೋ?

ಹದಿನೆಂಟನೇ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲೆಂಡಿನ ಅನುಕೂಲಸ್ಥರಿಗೆ ಪಾಳುಬಿದ್ದ ಕ್ರೈಸ್ತ ಮಠಗಳ ಚಿತ್ರದ ಹುಚ್ಚು ಹಿಡಿದಿತ್ತು. ತಾಮ್ರದ ತಗಡಿನಲ್ಲಿ ಉಳಿಯಿಂದ ಗೀರಿ, ಗೀರಿಗೆ ಮಸಿ ತುಂಬಿ, ಒದ್ದೆ ಕಾಗದಕ್ಕೆ ಒತ್ತಿ ತೆಗೆದ ಚಿತ್ರಗಳವು. ಹತ್ತಿರ ಹಿಡಿದು ನೋಡಬೇಕು: ಆಕಾಶವೆಲ್ಲ ಸಾಲುಗೆರೆ, ನೆರಳೆಲ್ಲ ಗೆರೆಗಳ ಬಲೆ, ಮುರಿದ ಕಮಾನಿಗೆ ಹಬ್ಬಿದ ಬಳ್ಳಿಯ ಒಂದೊಂದು ಎಲೆಗೂ ಒಂದೊಂದು ಕೊಂಕುಗೆರೆ. ತಗಡು ಒತ್ತಿದ ಗುರುತು ಕಾಗದದ ಅಂಚಿನಲ್ಲಿ ಬೆರಳಿಗೆ ಸಿಗುತ್ತದೆ. ಮೂಲೆಯಲ್ಲಿ ಕೋಲೂರಿ ನಿಂತ ಒಬ್ಬ. ಕಟ್ಟಡದ ಎತ್ತರ ತಿಳಿಯಲೆಂದು ನಿಲ್ಲಿಸಿದ ಮನುಷ್ಯ, ಅಷ್ಟೆ. ಇದೇ ಕಾಲದ ಚಿತ್ರಕಾರ ರಾಬರ್ಟ್ ಹೋಮ್, ಟಿಪ್ಪುವಿನ ಮೇಲೆ ಬಂದ ಕಾರ್ನ್‌ವಾಲಿಸನ ದಂಡಿನ ಜೊತೆ ತಿರುಗಿ, 1794ರಲ್ಲಿ ಮೈಸೂರು ಸೀಮೆಯ ದೃಶ್ಯಗಳನ್ನೂ ಹೀಗೆಯೇ ಅಚ್ಚು ಹಾಕಿಸಿದ. ಆ ದಂಡು ಬೆಂಗಳೂರಿಗೆ ಬಂದದ್ದು ಕೋಲಾರದ ಮೇಲೆಯೇ.

ಕೋಲಾರದ ಚಿನ್ನದ ಗಣಿಯೂರು ಕೆಜಿಎಫ್‌ನ ಈಗಿನ ಫೋಟೊಗಳನ್ನು ಕಂಡಾಗಲೆಲ್ಲ ನನಗೆ ಆ ಮಠಗಳು ನೆನಪಾಗುತ್ತವೆ. ಗಣಿಬಾವಿಯ ಮೇಲೆ ತುಕ್ಕು ಹಿಡಿದ ಹೆಡ್‌ಗೇರ್ ಗೋಪುರ, ಸೂರಿಲ್ಲದ ಬಂಗಲೆ, ಹಿಂದೆ ಚಿನ್ನ ತೆಗೆದು ಸುರಿದ ಪುಡಿಯ ಸೈನೈಡ್ ದಿಬ್ಬ, ಮೇಲೆ ಕಾರ್ಮೋಡ. ಚೆನ್ನಾಗಿಯೇ ಇರುತ್ತವೆ. ಆದರೆ ಅಡಿಬರಹ ಓದಿದರೆ ಮೈ ಉರಿಯುತ್ತದೆ: ಕಾಲದ ಹೊಡೆತಕ್ಕೆ ಸಿಕ್ಕ ಚಿನ್ನದ ಊರು.

ಪಾಪ, ಕಾಲ ಏನು ಮಾಡಿತು? ಆ ಚಿತ್ರಗಳ ಮಠಗಳಲ್ಲೊಂದಾದ ವೇಲ್ಸ್‌ನ ಟಿಂಟರ್ನ್ ಶುರುವಾದದ್ದು 1131ರಲ್ಲಿ. ನಾನೂರು ವರ್ಷ ಅದಕ್ಕೇನೂ ಆಗಲಿಲ್ಲ. 1536ರಲ್ಲಿ ಎಂಟನೇ ಹೆನ್ರಿ ಮಠಗಳನ್ನು ಮುಚ್ಚಿಸಿದ, ಸೂರಿಗೆ ಹೊದಿಸಿದ್ದ ಸೀಸವನ್ನು ಕಿತ್ತು ಮಾರಿದರು, ಮಳೆ ಒಳಗೆ ಸುರಿಯಿತು. ಕೋಲಾರದ ಕಥೆಯೂ ಹೆಚ್ಚು ಬೇರೆಯಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟಿತು, 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂತು, ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಕೆಳಗಿಳಿಯಿತು. ಕೊನೆಕೊನೆಗೆ ಅದಿರಿನಲ್ಲಿ ಚಿನ್ನ ಕಡಿಮೆಯಾಗಿತ್ತು, ಲೆಕ್ಕದಲ್ಲಿ ನಷ್ಟವಿತ್ತು, ಒಪ್ಪೋಣ. ಆದರೂ ಬಾಗಿಲು ಹಾಕಿದ್ದು ಸರ್ಕಾರದ ತೀರ್ಮಾನ. ಪಂಪು ನಿಂತಿತು, ಸುರಂಗಕ್ಕೆ ನೀರು ನುಗ್ಗಿತು, ಕಬ್ಬಿಣ ರಾತ್ರೋರಾತ್ರಿ ಗುಜರಿ ಸೇರಿತು.

ಪಾಳುಚಿತ್ರದ ರುಚಿ ಹತ್ತಿಸಿದವರಲ್ಲಿ ವಿಲಿಯಂ ಗಿಲ್ಪಿನ್ ಎಂಬ ಪಾದ್ರಿ ಮುಖ್ಯ. ಟಿಂಟರ್ನ್‌ನ ಗೋಡೆಗಳ ತುದಿ ತೀರಾ ಕ್ರಮವಾಗಿದೆ, ಸುತ್ತಿಗೆಯಿಂದ ಹದವರಿತು ಬಡಿದರೆ ನೋಟಕ್ಕೆ ಒಪ್ಪೀತು ಎಂದು 1782ರ ತನ್ನ ಪುಸ್ತಕದಲ್ಲಿ ಸಲಹೆ ಕೊಟ್ಟ. ಬಿದ್ದಿದ್ದು ಸಾಲದಾಗಿತ್ತು ಪುಣ್ಯಾತ್ಮನಿಗೆ! ಆದರೆ ಅದೇ ಪುಸ್ತಕದಲ್ಲಿ ಅವನು ಇನ್ನೊಂದನ್ನೂ ಮುಚ್ಚಿಡದೆ ಬರೆದ. ಮಠದ ಪಾಳಿನಲ್ಲೇ ಗುಡಿಸಲು ಹಾಕಿಕೊಂಡು ಭಿಕ್ಷೆಯಿಂದ ಬದುಕುವ ಜನ ಅಲ್ಲಿದ್ದರು. ಸನ್ಯಾಸಿಗಳ ಗ್ರಂಥಾಲಯ ತೋರಿಸುತ್ತೇನೆಂದು ಕಾಲೆಳೆಯುತ್ತಾ ಕರೆದುಕೊಂಡು ಹೋದ ಬಡವಿಯೊಬ್ಬಳು ಕೊನೆಗೆ ತೋರಿಸಿದ್ದು ನೀರಿಳಿಯುವ ಗೋಡೆಗಳ ನಡುವಿನ ತನ್ನ ಬಿಡಾರವನ್ನು. ಅರ್ಧ ಮೈಲಿ ದೂರದಲ್ಲಿ ಕಬ್ಬಿಣದ ಕುಲುಮೆಗಳ ಸದ್ದೂ ಇತ್ತು. ಗೋಡೆಗೆ ತೂಗುಹಾಕಲು ಜನ ಕೊಂಡ ಚಿತ್ರಗಳಲ್ಲಿ ಇವರಿಗೆಲ್ಲ ಜಾಗ ಸಿಕ್ಕಿದ್ದು ಅಪರೂಪ.

ಕೆಜಿಎಫ್‌ನಲ್ಲಿ ಗಣಿ ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿದ ಲೈನು ಮನೆಗಳಲ್ಲಿ ಇಂದಿಗೂ ಸಂಸಾರಗಳಿವೆ. ಗಾಳಿ ಎದ್ದರೆ ದಿಬ್ಬದ ಧೂಳು ಅನ್ನದ ಪಾತ್ರೆಗೇ ಬರುತ್ತದೆ. ಮಾರಿಕುಪ್ಪಂನಿಂದ ಹೊರಟ ಬೆಳಗಿನ ರೈಲು ಚಾಂಪಿಯನ್, ಉರಿಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆ ತಲುಪುವಷ್ಟರಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಗಣಿಗಾಗಿ 1894ರಲ್ಲಿ ಹಾಕಿದ ಹಳಿ ಈಗ ಗಣಿ ಕಾರ್ಮಿಕರ ಮಕ್ಕಳನ್ನು ಬೆಂಗಳೂರಿನ ಕೆಲಸಕ್ಕೆ ಸಾಗಿಸುತ್ತಿದೆ. ಹೆಡ್‌ಗೇರ್ ಮೇಲೆ ಎಳೆಬಿಸಿಲು ಬೀಳಲೆಂದು ಕ್ಯಾಮೆರಾ ಹಿಡಿದು ಕಾಯುವವರು ಈ ರೈಲನ್ನೂ ಒಮ್ಮೆ ಹತ್ತಲಿ. ಅಡಿಬರಹ ಬರೆಯುವಾಗ ಕಾಲದ ಹೆಸರಿನ ಬದಲು ಗಣಿ ಮುಚ್ಚಿದ ತಾರೀಖು ಹಾಕಲಿ: 2001ರ ಫೆಬ್ರುವರಿ 28.