ಎಂಟು ಔಟ್‌ಗಳಷ್ಟು ದೂರ

2025ರ ಅಕ್ಟೋಬರ್ 20ರ ರಾತ್ರಿ, ಟೊರಾಂಟೋದಲ್ಲಿ, ಸಿಯಾಟಲ್ ಮರೀನರ್ಸ್ ತಂಡ ವರ್ಲ್ಡ್ ಸೀರೀಸ್‌ನಿಂದ ಎಂಟು ಔಟ್‌ಗಳಷ್ಟು ದೂರ ಇತ್ತು. ಏಳು ಪಂದ್ಯಗಳ ಸರಣಿ, ಏಳನೇ ಪಂದ್ಯ, ಏಳನೇ ಇನಿಂಗ್ಸ್. ಸಿಯಾಟಲ್ 3, ಟೊರಾಂಟೋ 1. ಟೊರಾಂಟೋದ ಇಬ್ಬರು ಬೇಸ್ ಮೇಲೆ ನಿಂತಿದ್ರು. ಜಾರ್ಜ್ ಸ್ಪ್ರಿಂಗರ್ ಬಂದ, ಬಜಾರ್ಡೋ ಎಸೆದ ಚೆಂಡನ್ನ ಎಡಗಡೆಯ ಜನರ ನಡುವೆ ಎತ್ತಿ ಹಾಕಿದ. ಕ್ರಿಕೆಟ್ ಭಾಷೆಯಲ್ಲಿ ಸಿಕ್ಸರ್ ಅನ್ಕೊಳ್ಳಿ, ಆದರೆ ಬೇಸ್ ಮೇಲಿದ್ದವರೂ ಮನೆ ಸೇರ್ತಾರೆ. ಒಂದೇ ಏಟಿಗೆ ಮೂರು ರನ್. 4-3. ಪಂದ್ಯ ಮುಗಿದಾಗಲೂ ಅಂಕಿ ಅದೇ ಇತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ಅದು. 1977ರಲ್ಲಿ ಶುರುವಾದ ಈ ತಂಡ ಮೂವತ್ತು ತಂಡಗಳ ಪೈಕಿ ವರ್ಲ್ಡ್ ಸೀರೀಸ್ ಮೆಟ್ಟಿಲನ್ನೇ ಹತ್ತದ ಒಂದೇ ಒಂದು ತಂಡ.

ಮರುದಿನ ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, 'ವಿ ಡಿಸರ್ವ್ಡ್ ಇಟ್'. ನಮಗೆ ಇದು ಸಲ್ಲಬೇಕಿತ್ತು ಅಂತ. ಸೋಲಿಗಿಂತ ಆ ಮಾತು ನನ್ನ ತಲೆಯಲ್ಲಿ ಹೆಚ್ಚು ದಿನ ಕೂತಿತು. ಸಲ್ಲಬೇಕಿತ್ತು ಅಂದ್ರೆ ಯಾರಿಂದ? ಯಾವ ಲೆಕ್ಕದಲ್ಲಿ? ಸಾಲ ಕೊಟ್ಟವನಿಗೆ ಹಣ ಸಲ್ಲಬೇಕು, ದುಡಿದವನಿಗೆ ಕೂಲಿ ಸಲ್ಲಬೇಕು. ಸೋಫಾದ ಮೇಲೆ ಕೂತು ಚಿಪ್ಸ್ ತಿಂದ ನನಗೆ ಏನು ಸಲ್ಲಬೇಕು?

ಕೆಲವರಿಗೆ ಉತ್ತರ ಸುಲಭ, ಕರ್ಮ. ಅದಕ್ಕೊಂದು ಕಾರಣವೂ ಇದೆ. ಮೂರು ದಿನ ಮುಂಚೆ ಸಿಯಾಟಲ್‌ನಲ್ಲಿ ನಡೆದ ಐದನೇ ಪಂದ್ಯದಲ್ಲಿ ನಮ್ಮ ಬ್ರಯಾನ್ ವೂ ಎಸೆದ ಚೆಂಡು ಇದೇ ಸ್ಪ್ರಿಂಗರ್‌ನ ಮೊಣಕಾಲ ಚಿಪ್ಪಿಗೆ ಬಡಿಯಿತು. ಅವನು ಕುಂಟುತ್ತಾ ಹೊರಗೆ ಹೋಗುವಾಗ ನಮ್ಮ ಕಡೆಯ ಕೆಲವು ಪ್ರೇಕ್ಷಕರು ಕೂಗಿ ಅಣಕಿಸಿದ್ರು. ಟೊರಾಂಟೋ ಮ್ಯಾನೇಜರ್ ಸಿಟ್ಟಾದರು, ಆಗಬೇಕಾದದ್ದೇ. ಅದೇ ಕಾಲಿನ ಮೇಲೆ ನಿಂತು ಅವನು ನಮ್ಮನ್ನ ಮನೆಗೆ ಕಳಿಸಿದ. ಕಥೆ ಎಷ್ಟು ನೀಟಾಗಿದೆ ನೋಡಿ! ಹರಿಕಥೆ ದಾಸರು ಕೇಳಿದ್ರೆ ಬಿಡ್ತಿರಲಿಲ್ಲ.

ಆದರೆ ಈ ಲೆಕ್ಕದ ಪುಸ್ತಕವನ್ನ ಇನ್ನೊಂದು ಪುಟ ಹಿಂದಕ್ಕೆ ತಿರುಗಿಸಿ. 2017ರಲ್ಲಿ ಸ್ಪ್ರಿಂಗರ್ ಹೂಸ್ಟನ್ ತಂಡದಲ್ಲಿದ್ದ. ಆ ವರ್ಷ ಹೂಸ್ಟನ್ ವರ್ಲ್ಡ್ ಸೀರೀಸ್ ಗೆದ್ದಿತು, ಸರಣಿಯ ಶ್ರೇಷ್ಠ ಆಟಗಾರ ಇವನೇ. ಎದುರಾಳಿಯ ಸನ್ನೆಗಳನ್ನ ಕ್ಯಾಮೆರಾದಲ್ಲಿ ನೋಡಿ, ಕಸದ ಡಬ್ಬ ಬಡಿದು ಬ್ಯಾಟರ್‌ಗೆ ಮುಂದಿನ ಚೆಂಡು ಯಾವುದು ಅಂತ ತಿಳಿಸ್ತಿದ್ದ ತಂಡ ಅದು. 2020ರಲ್ಲಿ ತನಿಖೆಯ ವರದಿ ಬಂತು. ತಂಡಕ್ಕೆ 50 ಲಕ್ಷ ಡಾಲರ್ ದಂಡ, ಮ್ಯಾನೇಜರ್‌ಗೆ ಒಂದು ವರ್ಷ ಅಮಾನತು. ಆಟಗಾರರಲ್ಲಿ ಒಬ್ಬರಿಗೂ ಶಿಕ್ಷೆ ಇಲ್ಲ. ಕಪ್ಪನ್ನೂ ವಾಪಸ್ ಪಡೆಯಲಿಲ್ಲ. ಹಾಗಾದ್ರೆ ಕರ್ಮ ಕಸದ ಡಬ್ಬದ ಸದ್ದನ್ನ ಕೇಳಿಸಿಕೊಳ್ಳದೆ, ಸಿಯಾಟಲ್‌ನ ನಾಲ್ಕು ಜನರ ಅಣಕವನ್ನ ಮಾತ್ರ ಬರೆದಿಟ್ಟುಕೊಂಡಿತಾ? ಇಂಥ ಲೆಕ್ಕಪತ್ರ ನಮ್ಮ ಸೊಸೈಟಿಯ ಕಾರ್ಯದರ್ಶಿ ಬರೆದಿದ್ರೆ ಆಡಿಟ್‌ನಲ್ಲಿ ಸಿಕ್ಕಿಬೀಳ್ತಿದ್ದ.

ಕರ್ಮದ ಮಾತು ಬಿಟ್ಟರೂ 'ಅರ್ಹತೆ' ಅನ್ನೋ ಮಾತು ಬಿಡೋದು ಕಷ್ಟ. ಬೇಸ್‌ಬಾಲ್ ಲೀಗ್‌ನ ರಚನೆ ಗೊತ್ತಿಲ್ಲದವರಿಗೆ ಒಂದು ಮಾತು. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಒಂದೊಂದು ತಂಡಕ್ಕೆ 162 ಪಂದ್ಯ. ಹೆಚ್ಚುಕಮ್ಮಿ ದಿನಾ ಆಟ. ಹಾಲಿನ ಡೇರಿಗೆ ಹೋಗಿಬಂದ ಹಾಗೆ. ಇಷ್ಟು ಆಡಿದ ಮೇಲೆ ಯಾರು ಗಟ್ಟಿ, ಯಾರು ಜೊಳ್ಳು ಅಂತ ತೂರಿ ನೋಡಿದಷ್ಟು ಸ್ಪಷ್ಟವಾಗುತ್ತೆ. ಆಮೇಲೆ ಅಕ್ಟೋಬರ್. ಹನ್ನೆರಡು ತಂಡ, ಮೊದಲು ಮೂರು ಪಂದ್ಯದ ಸರಣಿ, ಆಮೇಲೆ ಐದರದ್ದು, ಆಮೇಲೆ ಏಳು, ಮತ್ತೆ ಏಳು. 1968ರವರೆಗೆ ಹೀಗಿರಲಿಲ್ಲ. ಎರಡು ಲೀಗ್‌ಗಳಲ್ಲಿ ಮೊದಲು ಬಂದ ಎರಡು ತಂಡ ನೇರವಾಗಿ ಫೈನಲ್ ಆಡುತ್ತಿದ್ದವು. ಈಗ ಆರು ತಿಂಗಳ ಲೆಕ್ಕಕ್ಕೆ ಒಳಗೆ ಬರಲು ಒಂದು ಪಾಸು ಸಿಗುತ್ತೆ, ಜೊತೆಗೆ ಒಂದಿಷ್ಟು ಸವಲತ್ತು. ಅಷ್ಟೇ. ನಮ್ಮ ಸಿಇಟಿ ಕೂಡ ಪಿಯುಸಿ ಅಂಕಕ್ಕೆ ಅರ್ಧ ಪಾಲು ಕೊಡುತ್ತೆ. ಅಕ್ಟೋಬರ್ ಅದನ್ನೂ ಕೊಡಲ್ಲ.

ಪರಿಣಾಮ ಏನು ಗೊತ್ತಾ? ಬೇಸ್‌ಬಾಲ್ ಇತಿಹಾಸದಲ್ಲಿ ಒಂದು ಸೀಸನ್‌ನಲ್ಲಿ ಅತಿ ಹೆಚ್ಚು ಗೆಲುವು 116. ಅದನ್ನ ಸಾಧಿಸಿದ್ದು ಎರಡೇ ತಂಡ. 1906ರ ಶಿಕಾಗೋ ಕಬ್ಸ್, 2001ರ ನಮ್ಮ ಮರೀನರ್ಸ್. ಇಬ್ಬರೂ ಕಪ್ ಗೆಲ್ಲಲಿಲ್ಲ. 2001ರ ಮರೀನರ್ಸ್ ಅಂದ್ರೆ ಜಪಾನಿನಿಂದ ಇಚಿರೋ ಬಂದು ಮೊದಲ ವರ್ಷದಲ್ಲೇ ಶ್ರೇಷ್ಠ ಆಟಗಾರ ಅನ್ನಿಸಿಕೊಂಡ ತಂಡ. ನ್ಯೂಯಾರ್ಕ್ ಯಾಂಕೀಸ್ ಮುಂದೆ ಐದೇ ಪಂದ್ಯದಲ್ಲಿ ಮುಗಿದುಹೋಯ್ತು. ಇನ್ನೊಂದು ಕಡೆ, 2006ರಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಬರೀ 83 ಗೆದ್ದು ಹೇಗೋ ಒಳಗೆ ಬಂದು ಚಾಂಪಿಯನ್ ಆದರು.

ಇದು ಅನ್ಯಾಯವಾ? ನನ್ನ ಮಟ್ಟಿಗೆ ಅಲ್ಲ. ಅನ್ಯಾಯ ಆಗೋದು ಅದೃಷ್ಟವನ್ನ ಯೋಗ್ಯತೆ ಅಂತ ಹೆಸರಿಟ್ಟು ಕರೆದಾಗ. ಈ ದೇಶಕ್ಕೆ ನಾನು ಬಂದದ್ದು ಎಚ್-1ಬಿ ವೀಸಾದಲ್ಲಿ. ವರ್ಷಕ್ಕೆ 85,000 ವೀಸಾ, ಅರ್ಜಿಗಳು ಅದಕ್ಕಿಂತ ಎಷ್ಟೋ ಹೆಚ್ಚು, ಕಂಪ್ಯೂಟರ್ ಚೀಟಿ ಎತ್ತಿತು. ನನ್ನದು ಬಂತು, ನನಗಿಂತ ಚೆನ್ನಾಗಿ ಕೋಡ್ ಬರೆಯುವ ಗೆಳೆಯನದ್ದು ಮೂರು ವರ್ಷವೂ ಬರಲಿಲ್ಲ. ಈಗ ಊರಿಗೆ ಹೋದಾಗ ಜನ 'ಕಷ್ಟಪಟ್ಟು ಮೇಲೆ ಬಂದವ್ನೆ' ಅಂತ ನನ್ನನ್ನ ತೋರಿಸ್ತಾರೆ. ಕಷ್ಟಪಟ್ಟದ್ದು ನಿಜ. ಆದರೆ ಅದೇ ಜನ ಆ ಗೆಳೆಯನನ್ನ ನೋಡಿ 'ಅವ್ನಿಗೇನೋ ಕಮ್ಮಿ ಇತ್ತು' ಅಂತಾರಲ್ಲ, ಅಲ್ಲಿ ನನಗೆ ಉರಿಯುತ್ತೆ.

ನಮ್ಮಪ್ಪ ರಾಗಿ ಬೆಳೆಯೋರು. ತೆನೆ ತುಂಬಿ ನಿಂತ ಮೇಲೆ, ಕೊಯ್ಲಿಗೆ ಎರಡು ದಿನ ಇದ್ದಾಗ ಮಳೆ ಹಿಡಿದು ಹೊಲದಲ್ಲೇ ಮೊಳಕೆ ಬಂದ ವರ್ಷಗಳಿದ್ದವು. ಅಂಥ ವರ್ಷ ಯಾರಾದ್ರೂ ಕೇಳಿದ್ರೆ ಅವರ ಉತ್ತರ, 'ಬೆಳೆ ಚೆನ್ನಾಗಿತ್ತು ಕಣಪ್ಪ, ಕೈಗೆ ಹತ್ತಲಿಲ್ಲ.' ಎರಡು ಬೇರೆ ಬೇರೆ ವಾಕ್ಯ. ಕೈಗೆ ಹತ್ತಲಿಲ್ಲ ಅಂತ ಬೆಳೆಯನ್ನ ಬೈತಿರಲಿಲ್ಲ, ಬೆಳೆ ಚೆನ್ನಾಗಿತ್ತು ಅಂತ ಮಳೆ ಹತ್ರ ಬಾಕಿ ಕೇಳ್ತಿರಲಿಲ್ಲ. ಬೇಸ್‌ಬಾಲ್ ಬರಹಗಾರರು ಪುಟಗಟ್ಟಲೆ ಅಂಕಿ ಅಂಶ ಹಾಕಿ ಹೇಳೋದನ್ನ ಅಪ್ಪ ಒಂದು ಅಲ್ಪವಿರಾಮದಲ್ಲಿ ಮುಗಿಸ್ತಿದ್ರು. (ಆದರೆ ಬೀಜದ ಅಂಗಡಿಯವನನ್ನ ಮಾತ್ರ ಬೈತಿದ್ರು, ಅದಕ್ಕೆ ಬೇರೆ ಕಾರಣಗಳಿದ್ದವು.)

ನಿಜವಾದ ನೈತಿಕ ತೊಡಕು ನನಗೆ ಕಾಣೋದು ಅಕ್ಟೋಬರ್‌ನಲ್ಲಲ್ಲ, ಆಮೇಲೆ ಬರುವ ಚಳಿಗಾಲದಲ್ಲಿ. ಆಟ ಇಲ್ಲದ ಆ ನಾಲ್ಕು ತಿಂಗಳಿಗೆ ಇಲ್ಲಿ 'ಹಾಟ್ ಸ್ಟೋವ್' ಅಂತ ಹಳೇ ಹೆಸರು. ಬಿಸಿ ಒಲೆ ಸುತ್ತ ಕೂತು ಯಾರು ಬರ್ತಾರೆ, ಯಾರು ಹೋಗ್ತಾರೆ ಅಂತ ಮಾತಾಡೋದು. ನಮ್ಮ ಅರಳಿಕಟ್ಟೆಯ ಪಂಚಾಯ್ತಿ ಎಲೆಕ್ಷನ್ ಮಾತಿನ ಹಾಗೆಯೇ, ಯಾರಿಗೂ ಏನೂ ಗೊತ್ತಿರಲ್ಲ, ಎಲ್ಲರಿಗೂ ಖಾತ್ರಿ ಇರುತ್ತೆ. ಈ ಸಲ ಜುಲೈನಲ್ಲಿ ಬಂದಿದ್ದ ಜಾಶ್ ನೇಲರ್ ಐದು ವರ್ಷಕ್ಕೆ 9.25 ಕೋಟಿ ಡಾಲರ್‌ಗೆ ಉಳಿದುಕೊಂಡ. ಹೊರ್ಹೆ ಪೊಲಾಂಕೊ ಎರಡು ವರ್ಷಕ್ಕೆ 4 ಕೋಟಿ ಡಾಲರ್‌ಗೆ ನ್ಯೂಯಾರ್ಕ್ ಮೆಟ್ಸ್‌ಗೆ ಹೋದ. ಡೆಟ್ರಾಯಿಟ್ ವಿರುದ್ಧ ಹದಿನೈದು ಇನಿಂಗ್ಸ್ ನಡೆದ ಪಂದ್ಯವನ್ನ ಕೊನೇ ಏಟಿನಲ್ಲಿ ಗೆಲ್ಲಿಸಿದ್ದು ಇದೇ ಪೊಲಾಂಕೊ. ಆ ರಾತ್ರಿ ಅವನ ಹೆಸರು ಕೂಗಿ ಗಂಟಲು ಕಟ್ಟಿಸಿಕೊಂಡ ಸಹೋದ್ಯೋಗಿಯೊಬ್ಬ ಡಿಸೆಂಬರ್‌ನಲ್ಲಿ 'ದುಡ್ಡಿಗೆ ಹೋದ, ನಿಯತ್ತಿಲ್ಲ' ಅಂದ. ಹಾಗಂದವನು ಆರು ವರ್ಷದಲ್ಲಿ ನಾಲ್ಕನೇ ಕಂಪನಿಯಲ್ಲಿದ್ದಾನೆ. ಮೂವತ್ತು ಪರ್ಸೆಂಟ್ ಹೈಕ್ ಸಿಕ್ಕರೆ ನಾವು ಅದಕ್ಕೆ 'ಗ್ರೋತ್' ಅಂತೀವಿ.

ನಿಯತ್ತು ಅನ್ನೋ ಪದವನ್ನ ನಾನು ಊರಲ್ಲಿ ಬೇರೆ ಥರ ಕೇಳಿದ್ದೆ. ದೊಡ್ಡ ಮನೆಯೊಂದರಲ್ಲಿ ಮೂವತ್ತು ವರ್ಷ ದುಡಿದ ಮುದುಕನೊಬ್ಬನನ್ನ ತೋರಿಸಿ, 'ನಿಯತ್ತಿನ ಆಳು ಅಂದ್ರೆ ಇವನು' ಅಂತಿದ್ರು. ಹೊಗಳ್ತಿದ್ದವರು ಆ ಮನೆಯವರೇ. ಅವನಪ್ಪ ಮಾಡಿದ ಸಾಲಕ್ಕೆ ಅವನು ಜೀತಕ್ಕೆ ಬಂದಿದ್ದ ಅನ್ನೋದು ನನಗೆ ಗೊತ್ತಾದದ್ದು ಎಷ್ಟೋ ವರ್ಷ ಆದ ಮೇಲೆ. ಬಿಟ್ಟುಹೋಗೋಕೆ ಆಗದವನು ಬಿಟ್ಟುಹೋಗಲಿಲ್ಲ ಅಂದ್ರೆ ಅದರಲ್ಲಿ ನಿಯತ್ತು ಎಲ್ಲಿ ಬಂತು?

ಬೇಸ್‌ಬಾಲ್‌ನ 'ಒಳ್ಳೆ ಹಳೇ ದಿನ'ಗಳೂ ಹೀಗೇ ಇದ್ದವು. ಆಟಗಾರರು ಇಪ್ಪತ್ತು ವರ್ಷ ಒಂದೇ ತಂಡದಲ್ಲಿ ಆಡ್ತಿದ್ರು ಅಂತ ಹಿರಿಯ ಅಭಿಮಾನಿಗಳು ನಿಟ್ಟುಸಿರು ಬಿಡ್ತಾರೆ. ಅವರ ಕರಾರಿನಲ್ಲಿ 'ರಿಸರ್ವ್ ಕ್ಲಾಸ್' ಅನ್ನೋ ಷರತ್ತು ಇತ್ತು. ಕರಾರು ಮುಗಿದರೂ ಆಟಗಾರ ಅದೇ ತಂಡದ ಸ್ವತ್ತು. ತಂಡ ಬೇಕಾದಾಗ ಅವನನ್ನ ಮಾರಬಹುದು, ಅವನು ಬೇಕಾದಾಗ ಹೋಗೋ ಹಾಗಿಲ್ಲ. 1969ರಲ್ಲಿ ಹನ್ನೆರಡು ಸೀಸನ್ ಆಡಿದ್ದ ಕರ್ಟ್ ಫ್ಲಡ್ ಎಂಬ ಕಪ್ಪು ಆಟಗಾರನನ್ನ ಸೇಂಟ್ ಲೂಯಿಸ್ ತಂಡ ಒಂದು ಮಾತೂ ಕೇಳದೆ ಫಿಲಡೆಲ್ಫಿಯಾಗೆ ದಾಟಿಸಿತು. ಅವನು ಹೋಗಲ್ಲ ಅಂದ. ನಾನು ಕೊಳ್ಳೋ ಮಾರೋ ವಸ್ತು ಅಲ್ಲ ಅಂತ ಕಮಿಷನರ್‌ಗೆ ಪತ್ರ ಬರೆದು, ಕೋರ್ಟಿಗೆ ಹೋದ. ವರ್ಷಕ್ಕೆ 90,000 ಡಾಲರ್ ಸಂಬಳ ತಗೊಳ್ಳೋನಿಗೆ ಎಂಥಾ ಗುಲಾಮಗಿರಿ ಅಂತ ಆಡಿಕೊಂಡವರಿದ್ರು. ಜೀತದ ಆಳಿನ ಪಕ್ಕ ಅವನನ್ನ ನಿಲ್ಲಿಸೋದು ಸರಿಯಲ್ಲ, ಅದು ನನಗೂ ಗೊತ್ತು. ಹಸಿವಿಗೂ ಹಸಿವಿಲ್ಲದ ಬಂಧನಕ್ಕೂ ವ್ಯತ್ಯಾಸ ಇದೆ. ಆದರೆ ಬೀಗ ಬೀಗವೇ. 1972ರಲ್ಲಿ ಸುಪ್ರೀಂ ಕೋರ್ಟ್ 5-3ರಿಂದ ಅವನ ವಿರುದ್ಧ ತೀರ್ಪು ಕೊಟ್ಟಿತು. ಅಷ್ಟರಲ್ಲಿ ಅವನ ಆಟ ಮುಗಿದಿತ್ತು. 1975ರ ಡಿಸೆಂಬರ್‌ನಲ್ಲಿ ಬೇರೆ ಇಬ್ಬರು ಆಟಗಾರರ ದೂರಿನ ಮೇಲೆ ಮಧ್ಯಸ್ಥರೊಬ್ಬರು ಆ ಬೀಗ ಒಡೆದರು. ಪೊಲಾಂಕೊ ಮೆಟ್ಸ್‌ಗೆ ಹೋಗಲು ಸಾಧ್ಯವಾದದ್ದು ಈ ದಾರಿಯಲ್ಲಿ. ಹಾಗಾಗಿ ಅವನು ಹೋದದ್ದಕ್ಕೆ ನನಗೆ ಬೇಜಾರಿದೆ, ದೂರಿಲ್ಲ.

ಹೋಗಬಹುದಾಗಿದ್ದೂ ಉಳಿದವನು ಫೆಲಿಕ್ಸ್ ಹೆರ್ನಾಂಡೆಸ್. 2005ರಿಂದ 2019ರವರೆಗೆ ಹದಿನೈದು ಸೀಸನ್, ಎಲ್ಲವೂ ಸಿಯಾಟಲ್‌ಗೇ. 2012ರ ಆಗಸ್ಟ್ 15ರಂದು ಎದುರಾಳಿಯ ಇಪ್ಪತ್ತೇಳು ಜನರಲ್ಲಿ ಒಬ್ಬನನ್ನೂ ಬೇಸ್ ಮುಟ್ಟಲು ಬಿಡದ ಪಿಚರ್. 2010ರಲ್ಲಿ ಅವನ ಗೆಲುವು 13, ಸೋಲು 12. ಆದರೂ ಲೀಗ್‌ನ ಅತ್ಯುತ್ತಮ ಪಿಚರ್ ಪ್ರಶಸ್ತಿ ಅವನಿಗೇ ಬಂತು, ಯಾಕಂದ್ರೆ ಅವನು ಚೆನ್ನಾಗಿ ಎಸೆದ ದಿನವೂ ನಮ್ಮವರು ರನ್ ಹೊಡೀತಿರಲಿಲ್ಲ. ಮರೀನರ್ಸ್ 2001 ಆದ ಮೇಲೆ 2022ರವರೆಗೆ ಪ್ಲೇಆಫ್ ನೋಡಲಿಲ್ಲ. ಅಂದ್ರೆ ಫೆಲಿಕ್ಸ್ ಅಕ್ಟೋಬರ್‌ನ ಪಂದ್ಯದಲ್ಲಿ ಒಂದೇ ಒಂದು ಚೆಂಡೂ ಎಸೆಯಲಿಲ್ಲ. ಕೋಟಿಗಟ್ಟಲೆ ದುಡ್ಡು ಬಂತಲ್ಲ ಅನ್ನಬಹುದು. ಬಂತು. ಅವನಿಗೆ ಬೇಕಿದ್ದದ್ದು ಅದೊಂದೇ ಆಗಿದ್ರೆ ನ್ಯೂಯಾರ್ಕ್‌ನಲ್ಲೂ ಸಿಗ್ತಿತ್ತು.

ಸಲ್ಲಬೇಕಿತ್ತು ಅನ್ನೋ ಮಾತು ಎಲ್ಲಾದ್ರೂ ನಿಲ್ಲುತ್ತೆ ಅಂದ್ರೆ ಇಲ್ಲಿ, ಫೆಲಿಕ್ಸ್ ಮತ್ತು ತಂಡದ ಮಾಲೀಕರ ನಡುವೆ. ಮಳೆ ಯಾರ ಕೈಯಲ್ಲೂ ಇಲ್ಲ. ಉಳುಮೆ ಇದೆ. 2023ರ ಅಕ್ಟೋಬರ್‌ನಲ್ಲಿ, ಒಂದೇ ಪಂದ್ಯದಿಂದ ಪ್ಲೇಆಫ್ ತಪ್ಪಿದ ಮೇಲೆ, ಮರೀನರ್ಸ್‌ನ ಜೆರ್ರಿ ಡಿಪೋಟೊ ಪತ್ರಕರ್ತರ ಮುಂದೆ ಕೂತು, ಹತ್ತು ವರ್ಷ ಸತತವಾಗಿ 54 ಪರ್ಸೆಂಟ್ ಪಂದ್ಯ ಗೆದ್ದರೆ ವರ್ಲ್ಡ್ ಸೀರೀಸ್ ತಾನಾಗಿ ಬರುತ್ತೆ ಅನ್ನೋ ಅರ್ಥದಲ್ಲಿ ಮಾತಾಡಿದರು. ಊರಿಗೆ ಊರೇ ಉರಿದುಬಿತ್ತು. ಎಂಜಿನಿಯರ್ ಆಗಿ ಹೇಳೋದಾದ್ರೆ ಅವರ ಲೆಕ್ಕ ತಪ್ಪಲ್ಲ. ಅಕ್ಟೋಬರ್ ಲಾಟರಿ ಆದ್ರೆ ಬುದ್ಧಿವಂತ ಮಾಡೋ ಕೆಲಸ, ಪ್ರತಿ ವರ್ಷ ತಪ್ಪದೆ ಒಂದು ಟಿಕೆಟ್ ತಗೊಳ್ಳೋದು. ಆದರೆ ಆ ವರ್ಷ ಅವರು ಗೆದ್ದದ್ದು 88, ಅಂದ್ರೆ 54.3 ಪರ್ಸೆಂಟ್. ಟಿಕೆಟ್ಟೇ ಸಿಗಲಿಲ್ಲ. ಮುಂದಿನ ವರ್ಷ 85 ಗೆದ್ದು ಮತ್ತೆ ಒಂದೇ ಪಂದ್ಯದಿಂದ ತಪ್ಪಿತು. ಒಂದು ಪಂದ್ಯ ಅಂದ್ರೆ ಇನ್ನೊಬ್ಬ ಒಳ್ಳೆ ಬ್ಯಾಟರ್, ಇನ್ನೊಂದಿಷ್ಟು ಖರ್ಚು. 'ಇಷ್ಟು ಸಾಕು' ಅಂತ ಯಾರೋ ಒಳಗೆ ಕೂತು ಗೆರೆ ಎಳೆದಿದ್ದಾರೆ ಅನ್ನೋದು ಅಭಿಮಾನಿಗೆ ಅರ್ಥವಾಗಿದ್ದು ಅವತ್ತು. ಕಪ್ ಕೊಡಿ ಅಂತ ಕೇಳುವ ಹಕ್ಕು ನನಗಿಲ್ಲ. ಆ ಗೆರೆ ಎಲ್ಲಿ ಎಳೆದ್ರಿ ಅಂತ ಕೇಳುವ ಹಕ್ಕು ಟಿಕೆಟ್ ಕೊಂಡ ಪ್ರತಿಯೊಬ್ಬನಿಗೂ ಇದೆ ಅಂತ ನನ್ನ ಅನಿಸಿಕೆ.

ಕಾಯುವ ವಿಷಯ ಕನ್ನಡದವರಿಗೆ ಹೊಸದಾಗಿ ಹೇಳಬೇಕಿಲ್ಲ. ಆರ್‌ಸಿಬಿ ಹದಿನೆಂಟನೇ ಸೀಸನ್‌ನಲ್ಲಿ, 2025ರ ಜೂನ್ 3ರಂದು, ಆರು ರನ್‌ಗಳಿಂದ ಕಪ್ ಗೆದ್ದಾಗ ನಾನಿಲ್ಲಿ ಆಫೀಸಿನ ಮೀಟಿಂಗ್ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಕುಣಿದೆ. ಮರುದಿನ ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ಕಾಲ್ತುಳಿತದಲ್ಲಿ ಹನ್ನೊಂದು ಜನ ಹೋದರು. ಹದಿನೆಂಟು ವರ್ಷ ಕಾದದ್ದು ಸಾರ್ಥಕ ಆಯ್ತು ಅಂತ ಯಾರಾದ್ರೂ ಅಂದ್ರೆ ಅಂದಿನಿಂದ ನಾನು ಸುಮ್ಮನಿರ್ತೀನಿ. ಆ ಹನ್ನೊಂದು ಮನೆಗಳಲ್ಲಿ ಆ ಪದ ಹೇಗೆ ಕೇಳಿಸುತ್ತೋ.

ಫೆಬ್ರವರಿಯಲ್ಲಿ ಅರಿಜೋನಾದ ಪಿಯೋರಿಯಾದಲ್ಲಿ ಪಿಚರ್‌ಗಳು ಮತ್ತೆ ಚೆಂಡು ಹಿಡೀತಾರೆ. ಒಲೆ ಸುತ್ತಲಿನ ಈಗಿನ ಜಗಳ, ಪೊಲಾಂಕೊ ಎಂದಾದ್ರೂ ಮೆಟ್ಸ್ ಅಂಗಿ ತೊಟ್ಟು ಸಿಯಾಟಲ್‌ಗೆ ಬಂದ್ರೆ ಚಪ್ಪಾಳೆ ತಟ್ಟಬೇಕಾ, ಬೂ ಅನ್ನಬೇಕಾ ಅನ್ನೋದು. ನಾನು ಎದ್ದು ನಿಂತು ತಟ್ಟೋರ ಕಡೆ. ಮೊದಲ ಸಲ ಬ್ಯಾಟ್ ಹಿಡಿದು ಬಂದಾಗ ಮಾತ್ರ. ಎರಡನೇ ಸಲ ಬರೋ ಹೊತ್ತಿಗೆ ಅವನು ಎದುರಾಳಿ, ಔಟಾಗಲಿ.