ಭೀಮನ ಲಡ್ಡು, ಮೇಷ್ಟ್ರ ಗಾಳ

ತಿಪ್ಪಸಂದ್ರದ ನಮ್ಮ ಮನೆ ಜಗಲಿ ಮೇಲೆ ಸಂಜೆ ನಾಲ್ಕೈದು ಮಕ್ಕಳಿಗೆ ಲೆಕ್ಕ ಹೇಳಿಕೊಡ್ತೀನಿ. ಅವರಲ್ಲಿ ಐದನೇ ಕ್ಲಾಸಿನ ಒಬ್ಬ ಹುಡುಗನಿಗೆ ಭಿನ್ನರಾಶಿ ಅಂದರೆ ಹೊಟ್ಟೆನೋವು. ಮಾತಿಗೆ ಹೇಳ್ತಿಲ್ಲ, ನಿಜವಾಗ್ಲೂ ಹೊಟ್ಟೆ ಹಿಡ್ಕೊಂಡು ಎದ್ದು ಹೋಗ್ತಿದ್ದ. ಛೋಟಾ ಭೀಮ್ ಅಂದರೆ ಮಾತ್ರ ಪ್ರಾಣ. 2008ರಲ್ಲಿ ಪೋಗೋ ಚಾನೆಲ್ಲಿನಲ್ಲಿ ಶುರುವಾದ ಕಾರ್ಟೂನು ಅದು, ಇವನು ಹುಟ್ಟೋದಕ್ಕಿಂತ ಮುಂಚಿನದು.

ಸರಿ, ಗಾಳ ಸಿಕ್ಕಿತು ಅಂದುಕೊಂಡೆ. ಪಕ್ಕದ ಮನೆ ಮಗುವಿನ ಹತ್ತಿರ ಹೆಸರುಗಳನ್ನ ಕೇಳಿಕೊಂಡು ಬಂದು ಬರೆಸಿದೆ: "ಟುನ್‌ಟುನ್ ಮೌಸಿ 12 ಲಡ್ಡು ಮಾಡಿದಳು. ಭೀಮ, ಚುಟ್ಕಿ, ರಾಜು, ಜಗ್ಗು ಹಂಚಿಕೊಂಡರು. ಭೀಮನಿಗೆ ಬಂದದ್ದು ಎಷ್ಟು ಭಾಗ?"

"ಎಲ್ಲಾನೂ ಸಾ. ಭೀಮ ಒಬ್ನೇ ತಿಂದ್ಬಿಡ್ತಾನೆ."

"ಸಮವಾಗಿ ಹಂಚಿಕೊಂಡ್ರು ಅಂತ ಇಟ್ಕೊಳೋ."

"ಯಾಕ್ ಇಟ್ಕೋಬೇಕು ಸಾ? ನೀವು ನೋಡಿದ್ದೀರಾ?"

ನೋಡಿರಲಿಲ್ಲ. ಆದರೂ ಎರಡು ವಾರ ಲಡ್ಡು ಹಂಚಿದೆ. ಹೊಟ್ಟೆನೋವು ನಿಂತಿತು, ಕಾಲು ಭಾಗ, ಮುಕ್ಕಾಲು ಭಾಗ ಗೊತ್ತಾಯಿತು. ನಾನು ಬೀಗುತ್ತಿದ್ದೆ. ಒಂದು ದಿನ ಅವನು ಹೇಳಿದ: "ಟಿವಿ ಹಾಕಿದ್ರೆ ನಮ್ಮವ್ವ ಲಡ್ಡು ಎಣ್ಸು ಅಂತಾಳೆ ಸಾ. ಈಗ ಭೀಮನ್ನ ನೋಡಕ್ಕೇ ಬೇಜಾರು."

ಈ ಮಾತು ನನ್ನನ್ನ ಕಾಡಿತು. ಅವನಿಗೆ ಅಂತ ಇದ್ದದ್ದು ದಿನಕ್ಕೆ ಅರ್ಧ ಗಂಟೆ. ಅಲ್ಲಿ ಸರಿ ಇಲ್ಲ, ತಪ್ಪಿಲ್ಲ, ಮಾರ್ಕ್ಸ್ ಇಲ್ಲ. ಅಲ್ಲಿಗೂ ನಾನು ಕೆಂಪು ಪೆನ್ನು ಹಿಡ್ಕೊಂಡು ಹೋಗಿಬಿಟ್ಟಿದ್ದೆ. ಅವನ ಒಳ್ಳೇದಕ್ಕೇ ತಾನೆ ಅನ್ನಬಹುದು. ಆದರೆ ಒಳ್ಳೇದಕ್ಕೆ ಅಂತ ಮಗುವಿನ ಪ್ರೀತಿಯನ್ನ ಅದರ ಅಪ್ಪಣೆ ಇಲ್ಲದೆ ಸಾಧನ ಮಾಡ್ಕೋಬಹುದಾ?

ಲೆಕ್ಕಕ್ಕೆ ಕಥೆ ಸೇರಿಸೋದು ಹೊಸದೇನಲ್ಲ, ನಿಜ. ರಾಷ್ಟ್ರಕೂಟರ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ಗಣಿತಸಾರಸಂಗ್ರಹದಲ್ಲಿ ಪ್ರೇಮಿಗಳ ಜಗಳದಲ್ಲಿ ಹರಿದುಬಿದ್ದ ಸರದ ಮುತ್ತು ಎಣಿಸೋಕೆ ಹೇಳ್ತಾನೆ. 1150ರ ಲೀಲಾವತಿಯಲ್ಲಿ ಭಾಸ್ಕರಾಚಾರ್ಯ ದುಂಬಿಗಳ ಹಿಂಡನ್ನೇ ಭಿನ್ನರಾಶಿ ಮಾಡಿ ಹೂವಿಂದ ಹೂವಿಗೆ ಹಾರಿಸ್ತಾನೆ. ಅವರನ್ನ ನೆನೆಸಿಕೊಂಡು ಸಮಾಧಾನ ಮಾಡ್ಕೊಳ್ಳೋಕೆ ನೋಡಿದೆ, ಆಗಲಿಲ್ಲ. ಅವರು ಲೆಕ್ಕದೊಳಗೆ ಇಟ್ಟದ್ದು ತಮಗೇ ರುಚಿಸಿದ ಕಾವ್ಯವನ್ನ. ನಾನು ಇಟ್ಟದ್ದು ಎರವಲು ಹೆಸರುಗಳನ್ನ. ಮೀನಿಗೆ ಎರೆಹುಳು ಇಷ್ಟ, ಗಾಳ ಹಾಕೋನಿಗಲ್ಲವಲ್ಲ.

ಅವರವ್ವನಿಗೆ, "ತಾಯಿ, ಟಿವಿ ಮುಂದೆ ಏನೂ ಕೇಳಬೇಡಿ, ಹಾಗೇ ಬಿಟ್ಬಿಡಿ" ಅಂದೆ. ಆಯಮ್ಮ ನನ್ನನ್ನ ಅನುಮಾನದಿಂದ ನೋಡಿದರು. ಹುಡುಗನಿಗೆ, "ಇನ್ಮೇಲೆ ನಾನು ಭೀಮನ ಲೆಕ್ಕ ಕೊಡಲ್ಲ. ಕೊಡೋದಾದ್ರೆ ನೀನೇ ನಂಗೆ ಕೊಡು" ಅಂದೆ. ಒಂದು ಭಾನುವಾರ ಅವರ ಮನೇಲಿ ಅವನ ಪಕ್ಕ ಕೂತು ಎರಡು ಕಂತು ನೋಡಿದೆ. ನಿಜ ಹೇಳ್ತೀನಿ, ನಂಗೆ ಅಷ್ಟೇನೂ ಹಿಡಿಸಲಿಲ್ಲ. ಅದನ್ನೂ ಹೇಳಿದೆ. ನಕ್ಕ.

ನಾಲ್ಕು ದಿನ ಬಿಟ್ಟು ತಾನೇ ಬರ್ಕೊಂಡು ಬಂದ: "ಕಾಲಿಯಾ 24 ಲಡ್ಡು ಕದ್ದ. ಭೀಮ ಅರ್ಧ ಕಿತ್ಕೊಂಡ. ಜಗ್ಗು 3 ತಿಂದ. ಕಾಲಿಯಾ ಹತ್ರ ಎಷ್ಟು?"

"ಹನ್ನೆರಡು," ಅಂದೆ.

"ತಪ್ಪು ಸಾ! ಒಂಬತ್ತು. ಜಗ್ಗು ಭೀಮನ ಫ್ರೆಂಡು. ಫ್ರೆಂಡ್ ಹತ್ರ ಇರೋದನ್ನ ಯಾಕ್ ತಿಂತಾನೆ? ಕಾಲಿಯಾದು ತಿಂದ."

"ಕಾರ್ಟೂನು ನೋಡದೇ ಇರೋನಿಗೆ ಅದು ಹೆಂಗೆ ಗೊತ್ತಾಗಬೇಕು?"

ಸ್ವಲ್ಪ ಹೊತ್ತು ಪೆನ್ಸಿಲ್ ಕಚ್ಚಿದ. ಆಮೇಲೆ "ಜಗ್ಗು" ಪಕ್ಕದಲ್ಲಿ "ಕಾಲಿಯಾ ಹತ್ರ ಉಳಿದಿದ್ರಲ್ಲಿ" ಅಂತ ಇರುಕಿಸಿ ಬರೆದ. ಬರೆದು ತಲೆ ಎತ್ತಿ ಕೇಳಿದ:

"ನಿಮ್ಗೆ ಏನಿಷ್ಟ ಸಾ?"

"ರಾಜ್‌ಕುಮಾರ್ ಸಿನಿಮಾ."

"ಅದ್ರಲ್ಲಿ ವಿಲನ್ನು ಎಷ್ಟ್ ಜನ ಇರ್ತಾರೆ?" ಅಂತ ಹೊಸ ಹಾಳೆ ತಿರುವಿದ.